ದ್ವಂದ್ವಾರ್ಥ: ಅಂಗಡಿ ಜಾಹೀರಾತಿನಲ್ಲಿ ಅದು ಯಾವಾಗ ತಮಾಷೆ, ಯಾವಾಗ ಅವಮಾನ?

ಮೇಲೆ ಒಂದು ಅರ್ಥ ಕಾಣಿಸಿ, ಒಳಗೆ ಇನ್ನೊಂದನ್ನು ಇಟ್ಟುಕೊಂಡ ಮಾತಿಗೆ ದ್ವಂದ್ವಾರ್ಥ ಎನ್ನುತ್ತೇವೆ. ಆಡುಮಾತಿನಲ್ಲಿ ಡಬಲ್ ಮೀನಿಂಗ್. ಆ ಎರಡು ಅರ್ಥ ಯಾವುದಾದರೂ ಆಗಿರಬಹುದು. ಆದರೆ ‘ಡಬಲ್ ಮೀನಿಂಗ್ ಡೈಲಾಗು’ ಎಂದ ಕೂಡಲೇ ಒಳಗಿರುವುದು ಕಾಮದ ಮಾತು ಎಂದೇ ಎಲ್ಲರೂ ತಿಳಿಯುತ್ತಾರೆ. ಬಟ್ಟೆ ಅಂಗಡಿಯ ಫ್ಲೆಕ್ಸು, ಪತ್ರಿಕೆಯೊಳಗೆ ಸೇರಿಸಿ ಹಂಚುವ ಕರಪತ್ರ, ಆಟೋ ಮೇಲಿನ ಮೈಕು, ಇನ್‌ಸ್ಟಾಗ್ರಾಂ ರೀಲು, ಎಲ್ಲ ಕಡೆ ಇದರ ಬಳಕೆ ಇದೆ. ಯಾರಾದರೂ ಆಕ್ಷೇಪಿಸಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ನಾವು ಬರೆದದ್ದರಲ್ಲಿ ಏನಿದೆ? ಇರೋದೆಲ್ಲ ನಿಮ್ಮ ತಲೇಲಿ.’ ಹೇಳಬೇಕಾದ್ದನ್ನು ಹೇಳಿ, ಹೇಳಿಲ್ಲ ಎಂದು ಜಾರಿಕೊಳ್ಳುವ ಈ ಅವಕಾಶವೇ ದ್ವಂದ್ವಾರ್ಥದ ಬಲ. ಹಾಗಾಗಿ ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುತ್ತ ಕೂತರೆ ಚರ್ಚೆ ಒಂದು ಹೆಜ್ಜೆಯೂ ಮುಂದೆ ಹೋಗದು.

ನಮ್ಮ ಅಲಂಕಾರಶಾಸ್ತ್ರದವರು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದರು. ಒಂದೇ ಪದದಿಂದ ಎರಡು ಅರ್ಥ ಹೊರಡಿಸುವ ಶ್ಲೇಷೆಯನ್ನು ಅಲಂಕಾರವೆಂದು ಮೆಚ್ಚಿದ ಅವರೇ ಅಶ್ಲೀಲವನ್ನು ಕಾವ್ಯದೋಷಗಳ ಪಟ್ಟಿಗೆ ಸೇರಿಸಿದರು. ಅದರಲ್ಲೂ ಮೂರು ಬಗೆ: ನಾಚಿಕೆ ಹುಟ್ಟಿಸುವುದು, ಹೇಸಿಗೆ ಹುಟ್ಟಿಸುವುದು, ಅಮಂಗಳವನ್ನು ನೆನಪಿಸುವುದು. ಕವಿ ಬೇಕೆಂದೇ ಬರೆಯದಿದ್ದರೂ ಓದುಗನ ಮನಸ್ಸಿಗೆ ಆ ಅರ್ಥ ಹೊಳೆದರೆ ಅದು ದೋಷವೇ. ಪ್ರಣಯದ ಗೋಷ್ಠಿಯಂಥ ಸಂದರ್ಭದಲ್ಲಿ ಮಾತ್ರ ಅದೇ ದೋಷ ಗುಣವಾಗಬಹುದು ಎಂದೂ ಒಪ್ಪಿದರು. ಮಾತಿನ ಯೋಗ್ಯತೆಯನ್ನು ಮಾತಿನೊಳಗಷ್ಟೇ ಹುಡುಕದೆ ಅದು ಎಲ್ಲಿ, ಯಾರ ಮುಂದೆ ಬಿತ್ತು ಎಂದು ನೋಡಿದ ಈ ವಿವೇಕ ಇವತ್ತಿನ ಫ್ಲೆಕ್ಸಿಗೂ ಸಾಕಾಗುವಷ್ಟು ಗಟ್ಟಿಯಾಗಿದೆ.

ಉದಾಹರಣೆಗೆ ದಾವಣಗೆರೆಯನ್ನೇ ನೋಡಿ, ಅದು ಮಡಿವಂತಿಕೆಯ ಊರೇನೂ ಅಲ್ಲ. ಹೋಳಿ ದಿನ ರಾಮ್ ಅಂಡ್ ಕೋ ವೃತ್ತಕ್ಕೆ ಹೋದವರಿಗೆ ಅದು ಗೊತ್ತು. ಮದುವೆಮನೆಯಲ್ಲಿ ಬೀಗರ ಹಾಡು ಶುರುವಾದರೆ ಬೀಗಿತ್ತಿಯನ್ನು ಕಿಚಾಯಿಸುವ ಹೆಂಗಸರ ಬಾಯಿಗೆ ಗಂಡಸರೇ ಹೆದರಬೇಕು. ಟೆಂಟು ಹಾಕಿದ ಕಂಪನಿ ನಾಟಕಗಳಲ್ಲಿ ಹಾಸ್ಯಪಾತ್ರದ ಪೋಲಿ ಮಾತಿಗೆ ಶಿಳ್ಳೆ ಬೀಳುವುದು ಹೊಸತಲ್ಲ. ಇವುಗಳಲ್ಲಿ ಕೆಲವಕ್ಕೂ ಆಕ್ಷೇಪ ಇದೆ, ಇರಲಿ. ಆದರೆ ಅಲ್ಲೆಲ್ಲ ಒಂದು ಕಟ್ಟುಪಾಡು ಇದೆ. ನಾಟಕಕ್ಕೆ ಟಿಕೆಟ್ ಕೊಂಡವನೇ ಒಳಗೆ ಹೋಗುತ್ತಾನೆ. ಬೀಗರ ಹಾಡಿಗೆ ಆ ಕಡೆಯವರು ತಿರುಗಿಸಿ ಹಾಡುತ್ತಾರೆ. ಹೋಳಿಗೆ ಒಂದು ದಿನದ ಗಡಿ. ಜಯದೇವ ವೃತ್ತದಲ್ಲೋ ಚಿತ್ರದುರ್ಗದ ಗಾಂಧಿ ವೃತ್ತದಲ್ಲೋ ನಿಲ್ಲಿಸಿದ ಫ್ಲೆಕ್ಸಿಗೆ ಇಂಥ ಗಡಿ ಒಂದೂ ಇಲ್ಲ. ಕಾಲೇಜಿಗೆ ಹೋಗುವ ಹುಡುಗಿ ಅದನ್ನು ದಿನಾ ದಾಟಿಕೊಂಡೇ ಹೋಗಬೇಕು, ತಿರುಗಿ ಉತ್ತರ ಕೊಡಲು ಅವಳಿಗೆ ಜಾಗ ಇಲ್ಲ.

ಎರಡು ಫ್ಲೆಕ್ಸುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ ಉದಾಹರಣೆಗೆ ಕಟ್ಟಿದವು.

ಮೊದಲನೆಯದು ಪೀಠೋಪಕರಣ ಅಂಗಡಿಯ ಆಷಾಢ ರಿಯಾಯಿತಿ: ‘ಆಷಾಢ ಮುಗಿಯೋದ್ರೊಳಗೆ ಮಂಚ ಗಟ್ಟಿ ಮಾಡ್ಕೊಳ್ಳಿ.’ ಪಕ್ಕದಲ್ಲಿ ಸಾಗವಾನಿ ಮಂಚದ ಚಿತ್ರ, ಬೆಲೆ. ಹೊಸದಾಗಿ ಮದುವೆಯಾದ ಹೆಣ್ಣು ಆಷಾಢಕ್ಕೆ ತವರಿಗೆ ಹೋಗಿ ಶ್ರಾವಣಕ್ಕೆ ಮರಳುತ್ತಾಳೆ ಎಂಬ ರೂಢಿ ಗೊತ್ತಿದ್ದವರಿಗೆಲ್ಲ ಒಳ ಅರ್ಥ ಹೊಳೆಯುತ್ತದೆ. ನಗು ಬರುವುದು ಗಂಡಹೆಂಡತಿ ಇಬ್ಬರ ಆತುರದ ಮೇಲೆ. ಮಾರುತ್ತಿರುವುದು ಮಂಚ, ಎರಡೂ ಅರ್ಥ ನಿಲ್ಲುವುದು ಅದೇ ಮಂಚದ ಮೇಲೆ. ಮಗುವಿಗೆ ಅದು ಬರೀ ಮಂಚದ ಜಾಹೀರಾತು. ಮುಜುಗರಪಡುವವರು ಇದ್ದಾರು, ಆದರೆ ಯಾರೂ ಇಲ್ಲಿ ಸಣ್ಣವರಾಗಲಿಲ್ಲ.

ಎರಡನೆಯದು ಬಟ್ಟೆ ಅಂಗಡಿಯದು: ‘ಮುಟ್ಟಿ ನೋಡಿ, ಆಮೇಲೆ ತಗೊಳ್ಳಿ.’ ಈ ಮಾತಿನಲ್ಲಿ ತಾನಾಗಿ ಏನೂ ಕೆಟ್ಟದ್ದಿಲ್ಲ. ಜವಳಿ ವ್ಯಾಪಾರವೇ ಮುಟ್ಟಿ ನೋಡುವುದರ ಮೇಲೆ ನಿಂತಿದೆ. ಸೀರೆ ಬಿಡಿಸಿ ಹಾಸಿದ ಮೇಲೆ ಗಿರಾಕಿ ಮೊದಲು ಮಾಡುವ ಕೆಲಸ ಸೆರಗಿನ ಅಂಚನ್ನು ಹೆಬ್ಬೆಟ್ಟು, ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡುವುದು, ನೂಲು ನುಣುಪೋ ಒರಟೋ, ಗಂಜಿ ಎಷ್ಟಿದೆ ಎಂದು ತಿಳಿಯುವುದು. ಆ ಫ್ಲೆಕ್ಸಿನಲ್ಲಿ ಬಿಚ್ಚಿ ಹಾಸಿದ ಇಳಕಲ್ ಸೀರೆ, ಅದರ ಮೇಲೊಂದು ಕೈ ಇದ್ದರೆ ಮಾತು ಬಟ್ಟೆಯದೇ. ಅದೇ ಸಾಲಿನ ಪಕ್ಕ ತಲೆಯಿಲ್ಲದ, ಕುತ್ತಿಗೆಯಿಂದ ಸೊಂಟದವರೆಗಿನ ಹೆಣ್ಣಿನ ಚಿತ್ರ ಹಾಕಿದರೆ ಮುಟ್ಟುವುದಕ್ಕೆ ಕರೆದದ್ದು ಯಾವುದನ್ನು ಎಂದು ಬಿಡಿಸಿ ಹೇಳಬೇಕಿಲ್ಲ. ಮಾರುವ ವಸ್ತುವಿನ ಜಾಗದಲ್ಲಿ ಹೆಣ್ಣಿನ ದೇಹ ಬಂದು ನಿಂತಿತು. ವಿದ್ವಾಂಸರು ವಸ್ತೂಕರಣ ಎನ್ನುವುದು ಇದನ್ನೇ. ಹೆಣ್ಣಿಗೆ ಮುಖ ಇಲ್ಲ, ಇಷ್ಟಾನಿಷ್ಟ ಇಲ್ಲ, ಒಬ್ಬಳ ಬದಲು ಇನ್ನೊಬ್ಬಳ ಚಿತ್ರ ಹಾಕಿದರೂ ವ್ಯತ್ಯಾಸ ಇಲ್ಲ.

ತಲೆ ಕತ್ತರಿಸುವುದು ಎಷ್ಟೋ ಸಲ ದುರುದ್ದೇಶದಿಂದ ಆಗುವುದೂ ಇಲ್ಲ. ನಿಂತ ಮಾಡೆಲ್ಲಿನ ಫೋಟೊ ಉದ್ದುದ್ದ ಇರುತ್ತದೆ. ಫ್ಲೆಕ್ಸು 20 ಅಡಿ ಅಗಲ, 10 ಅಡಿ ಎತ್ತರ. ಅಂಗಡಿ ಹೆಸರು ಮೇಲೆ, ‘50% ರಿಯಾಯಿತಿ’ ಕೆಳಗೆ ದಪ್ಪಕ್ಕೆ ಬರಬೇಕು. ಡಿಸೈನರ್ ಫೋಟೊ ಹಿಗ್ಗಿಸಿದಾಗ ಮೇಲೆ ತಲೆ, ಕೆಳಗೆ ಕಾಲು ಹೋಗಿ ನಡುಭಾಗವಷ್ಟೇ ಉಳಿಯುತ್ತದೆ. ಪ್ರೂಫ್ ಮಾಲೀಕರ ವಾಟ್ಸಾಪ್‌ಗೆ ಬರುತ್ತದೆ. ಅಂಗೈಯಗಲದ ಪರದೆಯಲ್ಲಿ ಅವರು ನೋಡುವುದು ಫೋನ್ ನಂಬರು ಸರಿ ಇದೆಯೇ ಎಂದು. ರಸ್ತೆ ಬದಿಗೆ ಏರಿದ ಮೇಲೆಯೇ ಎದ್ದು ಕಾಣುವುದು ಏನೆಂದು ಗೊತ್ತಾಗುವುದು. ಅಗಲದ ಫ್ಲೆಕ್ಸಿಗೆ ಕುಳಿತ ಭಂಗಿಯ ಚಿತ್ರ ಆರಿಸುವುದು, ಇಲ್ಲವೇ ಬಟ್ಟೆಯನ್ನೇ ದೊಡ್ಡದಾಗಿ ತೋರಿಸುವುದು ಇದಕ್ಕೆ ಸರಳ ಪರಿಹಾರ. ಪ್ರೂಫನ್ನು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಒಮ್ಮೆ ನೋಡಲೇಬೇಕು, ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಾದರೂ ಅದನ್ನು ನೋಡಿರಬೇಕು.

ಹೆಣ್ಣಿನ ಜಾಗದಲ್ಲಿ ಗಂಡಸನ್ನು ಇಟ್ಟು ನೋಡಿ ಎಂಬ ಪರೀಕ್ಷೆಯನ್ನು ಬಹಳ ಮಂದಿ ಹೇಳುತ್ತಾರೆ. ಅದು ಉಪಯುಕ್ತ, ಆದರೆ ಅದೊಂದೇ ಸಾಲದು. 2007ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿವಿಯಲ್ಲಿ ತಡೆದ ಅಮುಲ್ ಮಾಚೋ ಒಳಉಡುಪಿನ ಜಾಹೀರಾತಿನಲ್ಲಿ ಗಂಡನ ಚಡ್ಡಿ ಒಗೆಯುತ್ತ ಕನಸು ಕಾಣುವವಳು ಹೊಸ ಹೆಂಡತಿ. ಅಲ್ಲಿ ಆಸೆ ಹೆಣ್ಣಿನದೇ, ತಪ್ಪೇನು ಎಂದು ವಾದಿಸಿದವರು ಇದ್ದರು, ಅಸಭ್ಯ ಎಂದವರೂ ಇದ್ದರು. ಈ ಒಂದರಲ್ಲಿ ಎರಡು ಕಡೆಗೂ ಹುರುಳಿದೆ. ಅಸಭ್ಯವಾದದ್ದೆಲ್ಲ ಹೆಣ್ಣನ್ನು ಕೀಳಾಗಿ ಕಾಣುವುದೇ ಆಗಬೇಕಿಲ್ಲ. ಹಾಗೆಯೇ ಒಂದೂ ಅಸಭ್ಯ ಪದವಿಲ್ಲದ ಜಾಹೀರಾತು ಹೆಣ್ಣನ್ನು ಪೂರ್ತಿ ಕೀಳುಗಳೆಯಬಹುದು.

ಅಸಭ್ಯ ಪದವಿಲ್ಲದೆಯೂ ಕೀಳುಗಳೆಯುವ ಈ ಎರಡನೆಯ ಬಗೆಗೆ 2022ರ ಜೂನ್‌ನ ಲೇಯರ್ ಶಾಟ್ ಬಾಡಿ ಸ್ಪ್ರೇ ಜಾಹೀರಾತಿಗಿಂತ ಸ್ಪಷ್ಟ ಉದಾಹರಣೆ ಸಿಗದು. ಅದು ನಡೆಯುವುದೇ ಅಂಗಡಿಯೊಳಗೆ. ಸಾಮಾನು ಆರಿಸುತ್ತಿರುವ ಹೆಣ್ಣೊಬ್ಬಳ ಹಿಂದೆ ನಾಲ್ವರು ಗಂಡಸರು. ನಾವು ನಾಲ್ವರಿದ್ದೇವೆ, ಇರುವುದು ಒಂದೇ, ‘ಶಾಟ್’ ಯಾರು ತಗೊಳ್ಳುವುದು ಎಂದು ಮಾತಾಡಿಕೊಳ್ಳುತ್ತಾರೆ. ಅವಳು ಬೆದರಿ ತಿರುಗುತ್ತಾಳೆ. ಮಾತಾಡಿದ್ದು ಉಳಿದ ಒಂದೇ ಬಾಟಲಿಯ ಬಗ್ಗೆ ಎಂದು ಆಮೇಲೆ ತಿಳಿಯುತ್ತದೆ. ಇಡೀ ತಮಾಷೆ ನಿಂತದ್ದು ಅವಳ ಭಯದ ಮೇಲೆ, ಅದೂ ಸಾಮೂಹಿಕ ಅತ್ಯಾಚಾರದ ಭಯದ ಮೇಲೆ. ಸಚಿವಾಲಯ ಅದನ್ನು ಟ್ವಿಟರ್, ಯೂಟ್ಯೂಬ್‌ನಿಂದ ತೆಗೆಸಿತು, ಕಂಪನಿ ಕ್ಷಮೆ ಕೇಳಿತು. ಒಳ ಅರ್ಥ ಅರಿತಾಗ ನಗುವವರು ಯಾರು, ಮೈ ಮುದುಡಿಕೊಳ್ಳುವವರು ಯಾರು ಎಂದು ಕೇಳಿಕೊಂಡರೆ ಗೆರೆ ಎಲ್ಲಿದೆ ಎಂದು ಕಾಣುತ್ತದೆ.

ಈ ಚರ್ಚೆಯಲ್ಲಿ ಯಾರೂ ನೆನೆಯದವರು ಅಂಗಡಿಯ ಸೇಲ್ಸ್ ಹುಡುಗಿಯರು. ‘ಮುಟ್ಟಿ ನೋಡಿ’ ಎಂದು ಬೋರ್ಡು ಹಾಕಿದ ಮಾಲೀಕ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುತ್ತಾರೆ. ‘ಬೋರ್ಡಲ್ಲಿ ಬರ್ದೀರಲ್ಲ, ಮುಟ್ಟಿ ನೋಡ್ಲೇನು?’ ಎಂಬ ಗಿರಾಕಿಯ ಮಾತನ್ನು ದಿನವಿಡೀ ನಿಂತು ಕೇಳಬೇಕಾದವಳು ಅವಳು. ಗಿರಾಕಿ ಎಂಬ ಕಾರಣಕ್ಕೆ ಬೈಯುವಂತಿಲ್ಲ, ಬೋರ್ಡೇ ಅನುಮತಿ ಕೊಟ್ಟಂತಿದೆ. ಹೆಣ್ಣನ್ನು ಹಂಗಿಸುವ ಹಾಸ್ಯದ ಬಗ್ಗೆ ಮನಶ್ಶಾಸ್ತ್ರಜ್ಞರು ನಡೆಸಿದ ಅಧ್ಯಯನಗಳು ಹೇಳುವುದೂ ಇದನ್ನೇ: ಅಂಥ ಹಾಸ್ಯ ಹೊಸದಾಗಿ ತಾತ್ಸಾರ ಹುಟ್ಟಿಸುವುದಕ್ಕಿಂತ, ಮೊದಲೇ ತಾತ್ಸಾರ ಇದ್ದವರಿಗೆ ಇಲ್ಲಿ ಇದು ನಡೆಯುತ್ತದೆ ಎಂಬ ಧೈರ್ಯ ಕೊಡುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಲೈಂಗಿಕ ಧಾಟಿಯ ಮಾತನ್ನೂ ಕಿರುಕುಳ ಎಂದೇ ಎಣಿಸುತ್ತದೆ. ಅದರ 19ನೇ ಕಲಮಿನ ಪ್ರಕಾರ ಹೊರಗಿನಿಂದ ಬರುವವರಿಂದಲೂ ಸಿಬ್ಬಂದಿಯನ್ನು ಕಾಯುವುದು ಮಾಲೀಕರ ಹೊಣೆ. 10 ಅಥವಾ ಹೆಚ್ಚು ಜನ ದುಡಿಯುವ ಮಳಿಗೆಯಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಅಂಗಡಿಯಲ್ಲಿ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ವ್ಯಾಪಾರಕ್ಕಾದರೂ ಇದರಿಂದ ಲಾಭ ಇದೆಯೇ? 78 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಕಾಮದ ಆಕರ್ಷಣೆ ಇರುವ ಜಾಹೀರಾತು ಜನರ ನೆನಪಿನಲ್ಲಿ ಉಳಿಯುತ್ತದೆ, ಆದರೆ ಯಾವ ಬ್ರ್ಯಾಂಡಿನದು ಎಂಬ ನೆನಪು ಅದರಿಂದ ಹೆಚ್ಚುವುದಿಲ್ಲ. ಕೊಳ್ಳುವ ಮನಸ್ಸೂ ಹೆಚ್ಚುವುದಿಲ್ಲ. ಗಂಡಸರು ಮೆಚ್ಚುತ್ತಾರೆ, ಹೆಂಗಸರು ಒಲ್ಲೆನ್ನುತ್ತಾರೆ. ಮದುವೆ ಜವಳಿ ತೆಗೆಯಲು ಹರಿಹರ, ಹೊನ್ನಾಳಿ, ಜಗಳೂರಿನಿಂದ ದಾವಣಗೆರೆಗೆ ಬರುವ ಕುಟುಂಬದಲ್ಲಿ ಯಾವ ಅಂಗಡಿ ಹತ್ತಬೇಕು ಎಂದು ಹೇಳುವವರು ಅವ್ವ, ಅತ್ತಿಗೆ, ಚಿಕ್ಕಮ್ಮಂದಿರು. ಅವರಿಗೆ ಮುಜುಗರ ತರುವ ಫ್ಲೆಕ್ಸಿಗೆ ದುಡ್ಡು ಸುರಿಯುವುದು ವ್ಯಾಪಾರದ ಲೆಕ್ಕಕ್ಕೂ ಹೊಂದದ ಮಾತು.

ಕಾನೂನು ಏನು ಹೇಳುತ್ತದೆ ಎಂಬುದರಲ್ಲಿ ಗೊಂದಲ ಜಾಸ್ತಿ. ಮಹಿಳೆಯರ ಅಸಭ್ಯ ನಿರೂಪಣೆ ನಿಷೇಧ ಕಾಯ್ದೆ 1986ರದು. ನೋಟಿಸು, ಕರಪತ್ರ, ಲೇಬಲ್, ಹೊದಿಕೆ ಎಲ್ಲವೂ ಅದರ ಪ್ರಕಾರ ಜಾಹೀರಾತೇ. ಹೆಣ್ಣಿನ ರೂಪವನ್ನು, ದೇಹವನ್ನು ಅಥವಾ ಅದರ ಯಾವುದೇ ಭಾಗವನ್ನು ಅಸಭ್ಯ ಅಥವಾ ಅವಹೇಳನಕರ ಪರಿಣಾಮ ಆಗುವಂತೆ ತೋರಿಸಬಾರದು ಎನ್ನುತ್ತದೆ. ಉದ್ದೇಶಕ್ಕಿಂತ ‘ಪರಿಣಾಮ’ಕ್ಕೆ ಒತ್ತು ಕೊಟ್ಟಿರುವುದನ್ನು ಗಮನಿಸಬೇಕು. ಪ್ರಕಟಣೆಯಲ್ಲಿ ಪಾಲ್ಗೊಳ್ಳುವುದೂ ಅಪರಾಧ, ಹಾಗಾಗಿ ಅಂಗಡಿಯವರು ಹೇಳಿದರು, ಮುದ್ರಿಸಿಕೊಟ್ಟೆ ಎಂದು ಫ್ಲೆಕ್ಸ್ ಪ್ರಿಂಟರ್ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಮೊದಲ ಸಲ ಸಾಬೀತಾದರೆ 2 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಮತ್ತೆ ಅದೇ ಅಪರಾಧವಾದರೆ ಕನಿಷ್ಠ 6 ತಿಂಗಳಿಂದ 5 ವರ್ಷದವರೆಗೆ ಜೈಲು, 10,000ದಿಂದ 1 ಲಕ್ಷದವರೆಗೆ ದಂಡ. ಆದರೆ ಇಡೀ ವ್ಯಾಖ್ಯೆ ಹೆಣ್ಣಿನ ರೂಪದ ಸುತ್ತ ಇರುವುದರಿಂದ ಚಿತ್ರವಿಲ್ಲದ, ಬರೀ ಮಾತಿನ ದ್ವಂದ್ವಾರ್ಥವನ್ನು ಈ ಕಾಯ್ದೆಯಡಿ ತರುವುದು ಕಷ್ಟ.

ಅಂಥದಕ್ಕೆ ದಾರಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಎಲ್ಲರೂ ‘ಆಸ್ಕಿ’ ಎನ್ನುವ ಸಂಸ್ಥೆ. 1985ರಲ್ಲಿ ಜಾಹೀರಾತು ಉದ್ಯಮದವರೇ ಕಟ್ಟಿಕೊಂಡದ್ದು. 2022ರ ಜೂನ್‌ನಲ್ಲಿ ಅದು ಲಿಂಗ ಸಂಬಂಧಿ ಪಡಿಯಚ್ಚುಗಳ, ಅಂದರೆ ಹೆಣ್ಣೆಂದರೆ ಹೀಗೆ, ಗಂಡೆಂದರೆ ಹೀಗೆ ಎಂಬ ಸಿದ್ಧ ಕಲ್ಪನೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರ ತೀರ್ಪಿಗೆ ಕೋರ್ಟಿನ ಬಲ ಇಲ್ಲ. ಟಿವಿಯಲ್ಲಿ ಮಾತ್ರ, 1994ರ ಕೇಬಲ್ ಟಿವಿ ನಿಯಮಗಳು ಆಸ್ಕಿ ಸಂಹಿತೆ ಮೀರಿದ ಜಾಹೀರಾತು ಪ್ರಸಾರ ಮಾಡಬಾರದು ಎನ್ನುವುದರಿಂದ, ಅದರ ಮಾತಿಗೆ ತೂಕ ಹೆಚ್ಚು. ದೂರಿಗೆ ಶುಲ್ಕ ಇಲ್ಲ. ಜಾಲತಾಣದಲ್ಲಿ ಕೊಡಬಹುದು, ವಾಟ್ಸಾಪ್‌ನಲ್ಲೂ ಕೊಡಬಹುದು. ಫ್ಲೆಕ್ಸು ಯಾವಾಗ ಬೇಕಾದರೂ ಇಳಿದುಹೋಗಬಹುದಾದ್ದರಿಂದ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ: ಒಂದು ಹತ್ತಿರದಿಂದ, ಅಕ್ಷರ ಓದುವಂತೆ, ಇನ್ನೊಂದು ದೂರದಿಂದ, ರಸ್ತೆ ಗುರುತಾಗುವಂತೆ. ದಿನಾಂಕ, ಜಾಗ, ಅಂಗಡಿ ಹೆಸರು ಬರೆಯಿರಿ. ‘ಅಸಹ್ಯವಾಗಿದೆ’ ಎಂದಷ್ಟೇ ಬರೆದ ದೂರು ನಿಲ್ಲುವುದಿಲ್ಲ. ಯಾವ ಪದ, ಯಾವ ಚಿತ್ರದ ಜೊತೆ ಸೇರಿ, ಯಾವ ಅರ್ಥ ಕೊಡುತ್ತದೆ, ಅದು ಯಾರನ್ನು ಕೀಳುಮಾಡುತ್ತದೆ ಎಂದು ಮೂರು ನಾಲ್ಕು ಸಾಲಿನಲ್ಲಿ ಬಿಡಿಸಿ ಬರೆಯಿರಿ. ಮಹಾನಗರ ಪಾಲಿಕೆಗೆ ಪ್ರತ್ಯೇಕವಾಗಿ ಇನ್ನೊಂದು ಅರ್ಜಿ ಕೊಡಬಹುದು. ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಜಾಹೀರಾತು ಹಾಕುವುದೇ 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯ ಪ್ರಕಾರ ತಪ್ಪು. ಅನುಮತಿ ಇಲ್ಲದ ಫ್ಲೆಕ್ಸನ್ನು ತೆಗೆಸಲು ಒಳ ಅರ್ಥ ಏನೆಂದು ಅಧಿಕಾರಿಗಳ ಮುಂದೆ ವಾದಿಸುವ ಅಗತ್ಯವೇ ಬರುವುದಿಲ್ಲ.