ಮೆಟ್ಟುಗತ್ತಿಯ ಸಾಲು, ಮಂಗಳವಾರದ ಗುಳಿಗೆ

ಮಲೆನಾಡಿನಲ್ಲಿ ಕೃಷಿಕನೊಬ್ಬ ಜೀವ ಕಳೆದುಕೊಂಡರೆ ಪರಿಹಾರದ ಕಡತ ಸಾಲವೆಷ್ಟಿತ್ತು ಎಂದು ಕೇಳುತ್ತದೆ. ಆಸ್ಪತ್ರೆಯ ಚೀಟಿ ಕಾಯಿಲೆ ಯಾವುದೆಂದು ಕೇಳುತ್ತದೆ. ಎರಡೂ ಒಂದೇ ಮನೆಯ ಸಂಗತಿ. ಕಡತಗಳು ಮಾತ್ರ ಬೇರೆ ಬೇರೆ ಕಚೇರಿಯವು.

1974ನ್ನೇ ನೋಡಿ. ಗೇಣಿಗೆ ಉಳುವವರಿಗೇ ಭೂಮಿ ಕೊಡುವ, ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ ಮಾರ್ಚ್‌ನಲ್ಲಿ ಜಾರಿಗೆ ಬಂತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹಕ್ಕಿಳಿದಿದ್ದ ಗೇಣಿದಾರರ ಪಾಲಿಗೆ ಅದು ತಡವಾಗಿ ಸಿಕ್ಕ ಉತ್ತರ. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ ನಿಮ್ಹಾನ್ಸ್ ರೂಪುಗೊಂಡಿತು. ಹೀಗೆ ಒಂದೇ ವರ್ಷ ಭೂಮಿ ಮನೆಬಾಗಿಲಿಗೆ ಬಂತು, ಮನೋವೈದ್ಯರು ಒಂದು ರಾತ್ರಿಯ ಪ್ರಯಾಣದಷ್ಟು ದೂರ ಉಳಿದರು. ಮುಂದೆ ಮನೋವೈದ್ಯ ಡಾ. ಅಶೋಕ್ ಪೈ ಶಿವಮೊಗ್ಗದಲ್ಲೇ ನೆಲೆನಿಂತು, ಕನ್ನಡದಲ್ಲಿ ಬರೆದು, ಮನಸ್ಸಿಗೂ ಕಾಯಿಲೆ ಬರುತ್ತದೆಂದು ಜನರಿಗೆ ತಿಳಿಹೇಳಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಬಂತು, ಹಳ್ಳಿಗೆ ಮುಟ್ಟಲು ದಶಕಗಳೇ ಹಿಡಿದವು.

ಈ ಶತಮಾನದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿಯಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದೇ ದುಬಾರಿಯಾದ ಮನೆಯಲ್ಲಿ ನಿದ್ದೆ ಬಾರದವನ ಔಷಧ ಮುಂದಿನ ಕೊಯ್ಲಿನವರೆಗೆ ಮುಂದಕ್ಕೆ ಹೋಗುತ್ತದೆ. ಅದೇ ದಶಕದಲ್ಲಿ ನಿಮ್ಹಾನ್ಸ್‌ನ ತಂಡ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಊರೂರಲ್ಲಿ ಹುಡುಕಿ, ವರ್ಷಗಟ್ಟಲೆ ಹಿಂಬಾಲಿಸಿತು. ವರ್ಷಗಳಿಂದ ಕಾಯಿಲೆಯಿದ್ದೂ ಚಿಕಿತ್ಸೆ ಕಾಣದವರು ಅಲ್ಲಿದ್ದರು. ಔಷಧ ಪಡೆದವರ ದೈನಂದಿನ ಬದುಕು ಸುಧಾರಿಸಿತು. ಅನೇಕರು ಕಾಯಿಲೆಯ ನಡುವೆಯೂ ದುಡಿಯುತ್ತಲೇ ಇದ್ದರು.

ಇದರಲ್ಲಿ ಅಚ್ಚರಿಯೇನಿಲ್ಲ. ಮನೆಯ ತೋಟದಲ್ಲಿ ಹಾಜರಿ ಪುಸ್ತಕವಿರುವುದಿಲ್ಲ. ಕಾಯಿಲೆಯಿಂದ ಮರ ಹತ್ತಲಾಗದವನು ಉದುರಡಿಕೆ ಹೆಕ್ಕುತ್ತಿದ್ದ, ಅಂಗಳದಲ್ಲಿ ಹರವಿದ್ದನ್ನು ಕಾಯುತ್ತಿದ್ದ. ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಸಾಲಿನಲ್ಲಿ ಅವನಿಗೂ ಒಂದು ಜಾಗ. ಮಾತನಾಡದಿದ್ದರೂ ನಡೆಯುತ್ತಿತ್ತು, ನಿಧಾನವಾದರೂ ಯಾರೂ ಎಬ್ಬಿಸುತ್ತಿರಲಿಲ್ಲ. ಈಗ ಸುಲಿಯುವ ಯಂತ್ರ ಬಂದಿದೆ. ಆಳು ಸಿಗದ ಕಾಲದಲ್ಲಿ ಅದನ್ನು ದೂರುವುದು ನ್ಯಾಯವಲ್ಲ, ನಮ್ಮ ಮನೆಯವರೂ ಅದನ್ನೇ ಕರೆಸುತ್ತಾರೆ. ಆದರೆ ಆ ಜಾಗದಲ್ಲಿ ಕುಳಿತಿದ್ದವನು ಈಗ ದಿನವಿಡೀ ಜಗಲಿಯಲ್ಲಿರುತ್ತಾನೆ.

ಸೌಲಭ್ಯಗಳು ಹೆಚ್ಚಿವೆ, ಒಪ್ಪಬೇಕು. 2014ರಲ್ಲಿ ರಾಜ್ಯದ ಮನೋಚೈತನ್ಯ ಯೋಜನೆ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರದ ಮನೋವೈದ್ಯರನ್ನು ತಂದಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದಿತು. 2022ರಿಂದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಗುಡ್ಡದ ಮನೆಯಲ್ಲಿ ನೆಟ್‌ವರ್ಕ್ ಸಿಕ್ಕರೆ. ಗುಳಿಗೆಗೆ ದುಡ್ಡು ಕೊಡಬೇಕಿಲ್ಲ. ಅದನ್ನು ತರಲು ಹೋದವರ ಒಂದು ದಿನದ ಕೂಲಿ ಮಾತ್ರ ಹೋಗುತ್ತದೆ. ಕೊಯ್ಲಿನ ತಿಂಗಳಲ್ಲಿ ಆ ಕೂಲಿ ಏರಿರುತ್ತದೆ, ಮಂಗಳವಾರ ತಪ್ಪುವುದೂ ಆಗಲೇ.