ಒಂದು ದಿನದ ಮಂಗಳೂರು: ಎಲ್ಲಿಂದ ಆರಂಭಿಸಬೇಕು?

ಓದುಗರ ಪ್ರಶ್ನೆ: ಮನೆಯವರೆಲ್ಲ ಸೇರಿ ಮೊದಲ ಬಾರಿಗೆ ಮಂಗಳೂರಿಗೆ ಹೋಗುತ್ತಿದ್ದೇವೆ. ಒಂದೇ ದಿನದ ಅವಕಾಶವಿದೆ. ಬೀಚುಗಳನ್ನು ಬಿಟ್ಟರೆ ನಗರದಲ್ಲಿ ನೋಡುವಂಥದ್ದು ಏನಿದೆ? ಯಾವ ಕ್ರಮದಲ್ಲಿ ನೋಡಬೇಕು?

ಉತ್ತರ: ಮಂಗಳೂರಿಗೆ ಬಂದವರು ಸಾಮಾನ್ಯವಾಗಿ ಮೊದಲು ಪಣಂಬೂರಿಗೋ ಉಳ್ಳಾಲಕ್ಕೋ ಧಾವಿಸುತ್ತಾರೆ, ಮಧ್ಯಾಹ್ನದ ಬಿಸಿಲಿನಲ್ಲಿ ಮರಳಿನ ಮೇಲೆ ಬೆಂದು, ಬಳಿಕ ದೇವಸ್ಥಾನಗಳತ್ತ ಹೊರಡುವ ಹೊತ್ತಿಗೆ ಅವುಗಳ ಬಾಗಿಲು ಮುಚ್ಚಿರುತ್ತದೆ. ಈ ಕ್ರಮವನ್ನು ತಿರುಗಿಸುವುದೇ ನನ್ನ ಸಲಹೆ. ನಗರವು ಪೂರ್ವದ ಗುಡ್ಡಗಳಿಂದ ಪಶ್ಚಿಮದ ಕಡಲಿನ ಕಡೆಗೆ ಇಳಿಯುತ್ತ ಬಂದಿರುವುದರಿಂದ, ಬೆಳಿಗ್ಗೆ ಕದ್ರಿಯಲ್ಲಿ ಆರಂಭಿಸಿ ಸಂಜೆಗೆ ತಣ್ಣೀರುಬಾವಿಯ ಕಡಲತೀರವನ್ನು ತಲುಪುವ ದಾರಿಯಲ್ಲಿ ಮುಖ್ಯವಾದವುಗಳೆಲ್ಲ ಒಂದರ ಹಿಂದೊಂದು ಸಿಗುತ್ತವೆ.

ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಹೋದವರು ಶಿವಲಿಂಗದ ದರ್ಶನ ಮುಗಿಸಿ ಹೊರಟುಬಿಡಬಾರದು. ದೇವಳದೊಳಗಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಹತ್ತು ನಿಮಿಷವಾದರೂ ನಿಂತು ನೋಡಬೇಕು. ಮೂರು ಮುಖ, ಆರು ಕೈಗಳ ಈ ಕುಳಿತ ಮೂರ್ತಿಯ ಪೀಠದಲ್ಲಿರುವ ಸಂಸ್ಕೃತ ಶಾಸನವು, ಆಳುಪ ಅರಸ ಕುಂದವರ್ಮನು ಇದನ್ನು ಕದರಿಕಾ ವಿಹಾರದಲ್ಲಿ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದನೆಂದು ಹೇಳುತ್ತದೆ. ಬೌದ್ಧ ಭಿಕ್ಷುಗಳ ನೆಲೆಯನ್ನು ಸೂಚಿಸುವ ವಿಹಾರವೆಂಬ ಹೆಸರನ್ನೂ ಮೂರ್ತಿಯ ಲಕ್ಷಣಗಳನ್ನೂ ಗಮನಿಸಿದ ಅನೇಕ ವಿದ್ವಾಂಸರು, ಇದು ಹಿಂದೆ ಬೌದ್ಧರ ನೆಲೆಯಾಗಿತ್ತೆಂದೂ ಲೋಕೇಶ್ವರನು ಬೌದ್ಧರ ಕರುಣೆಯ ಬೋಧಿಸತ್ವನಾದ ಅವಲೋಕಿತೇಶ್ವರನೇ ಎಂದೂ ಅಭಿಪ್ರಾಯಪಟ್ಟಿದ್ದಾರೆ. ಕಾಲಾನಂತರ ಈ ಸ್ಥಳ ನಾಥಪಂಥದ ಜೋಗಿಗಳ ಕೇಂದ್ರವಾಯಿತು. ಅವರ ಮಠ ಇಂದಿಗೂ ದೇವಸ್ಥಾನದ ಮೇಲಿನ ಗುಡ್ಡದಲ್ಲಿದೆ. ಮೆಟ್ಟಿಲು ಹತ್ತಲು ಶಕ್ತರಾದವರು ಅಲ್ಲಿಯವರೆಗೆ ಹೋಗಿಬರಬಹುದು.

ಅಲ್ಲಿಂದ ಲೈಟ್‌ಹೌಸ್ ಹಿಲ್‌ಗೆ ರಿಕ್ಷಾದಲ್ಲಿ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸಂತ ಅಲೋಶಿಯಸ್ ಕಾಲೇಜಿನ ಆವರಣದ ಚಾಪೆಲ್ ಹೊರಗಿನಿಂದ ನೋಡುವವರಿಗೆ ವಿಶೇಷವೆನಿಸದು, ಒಳಹೊಕ್ಕರೆ ಮಾತ್ರ ಗೋಡೆ ಮತ್ತು ಛಾವಣಿಗಳಲ್ಲಿ ಚಿತ್ರವಿಲ್ಲದ ಜಾಗವನ್ನು ಹುಡುಕಬೇಕಾಗುತ್ತದೆ. ಇಟಲಿಯಿಂದ ಬಂದ ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಬ್ರದರ್ ಆಂಟೋನಿಯೊ ಮೊಸ್ಕೇನಿಯವರು 1899ರಿಂದ 1901ರ ನಡುವೆ ಇವನ್ನು ರಚಿಸಿದರು. ಗೋಡೆಯ ಚಿತ್ರಗಳಿಗೆ ಅವರು ಬಳಸಿದ್ದು ಫ್ರೆಸ್ಕೊ ವಿಧಾನ: ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಿದರೆ ಅದು ಗಾರೆಯೊಡನೆ ಒಂದಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಒಂದು ದಿನದಲ್ಲಿ ಮುಗಿಸಬಹುದಾದಷ್ಟು ಭಾಗಕ್ಕೆ ಮಾತ್ರ ಗಾರೆ ಮೆತ್ತಿಕೊಳ್ಳಬೇಕಾಗುತ್ತದೆ. ಛಾವಣಿಯ ಚಿತ್ರಗಳಾದರೋ ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿವೆ. ಕಾಲೇಜಿಗೆ ಹೆಸರು ಕೊಟ್ಟ ಸಂತ ಅಲೋಶಿಯಸ್ ಗೊನ್ಜಾಗ ಅವರ ಜೀವನ ಪ್ರಸಂಗಗಳು ಅಲ್ಲಿವೆ. ಕರಾವಳಿಯ ತೇವದಿಂದ ಹಾಳಾಗತೊಡಗಿದ್ದ ಈ ಚಿತ್ರಗಳನ್ನು 1990ರ ದಶಕದಲ್ಲಿ ಪಾರಂಪರಿಕ ಕಟ್ಟಡ, ಕಲಾಕೃತಿಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಪರಿಣತರು ಸರಿಪಡಿಸಿದರು. ನಗರದಲ್ಲಿ ಒಂದನ್ನೇ ನೋಡಲು ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಈ ಚಾಪೆಲನ್ನೇ.

ಊಟಕ್ಕೆ ಹಂಪನಕಟ್ಟೆಯ ಸುತ್ತಮುತ್ತ ಬೇಕಾದಷ್ಟು ಹೋಟೆಲುಗಳಿವೆ. ಮೀನು ತಿನ್ನುವವರಿಗೆ ಹುಳಿ-ಖಾರದ ಬಂಗುಡೆ ಪುಳಿಮುಂಚಿ, ತಿನ್ನದವರಿಗೆ ನೀರುದೋಸೆ, ಕೊನೆಗೆ ಎಲ್ಲರಿಗೂ ಗಡ್‌ಬಡ್ ಐಸ್‌ಕ್ರೀಂ.

ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರವನ್ನು ಮಧ್ಯಾಹ್ನದ ಬಿಡುವು ಮುಗಿದ ಮೇಲೆ ನೋಡುವುದು ಅನುಕೂಲ. ಈಗಿನ ಗೋಪುರದ ಹೊಳಪನ್ನು ಕಂಡು ಇದನ್ನು ಪುರಾತನವೆಂದಾಗಲಿ ಕೇವಲ ಹೊಸತೆಂದಾಗಲಿ ಭಾವಿಸಬಾರದು. ಮೇಲ್ವರ್ಗದವರ ದೇವಸ್ಥಾನಗಳಲ್ಲಿ ಪ್ರವೇಶವಿಲ್ಲದಿದ್ದ ಕಾಲದಲ್ಲಿ ಬಿಲ್ಲವ ಸಮಾಜದ ಮುಖಂಡರ ಕೋರಿಕೆಯಂತೆ ನಾರಾಯಣ ಗುರುಗಳು 1912ರಲ್ಲಿ ಇಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು. 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ್ದೂ ಇದೇ ಕ್ಷೇತ್ರ. ನಿಮ್ಮ ಪ್ರವಾಸ ನವರಾತ್ರಿಯ ದಿನಗಳಲ್ಲಿದ್ದರೆ ಈ ಸ್ಥಳಕ್ಕೆ ಹೆಚ್ಚು ಹೊತ್ತು ಮೀಸಲಿಡಿ, ಏಕೆಂದರೆ ಮಂಗಳೂರು ದಸರಾದ ಕೇಂದ್ರ ಇದುವೇ.

ಮುಂದೆ ಬೋಳೂರಿನ ಸುಲ್ತಾನ್ ಬತ್ತೇರಿ. ಕೋಟೆಯ ನಿರೀಕ್ಷೆಯಿಟ್ಟುಕೊಂಡು ಹೋದವರಿಗೆ ನಿರಾಸೆಯಾದೀತು. ಟಿಪ್ಪು ಸುಲ್ತಾನನ ಕಾಲದ ಒಂದು ಕಾವಲು ಗೋಪುರ ಮಾತ್ರ ಅಲ್ಲಿದೆ. ಆದರೆ ಅದರ ಮೇಲೆ ನಿಂತರೆ, ಗುರುಪುರ ನದಿಯ ಮೂಲಕ ಒಳಬರುವ ಹಡಗುಗಳನ್ನು ತಡೆಯಲು ಈ ಜಾಗವನ್ನೇ ಏಕೆ ಆರಿಸಿಕೊಂಡರೆಂಬುದು ತಾನಾಗಿ ತಿಳಿಯುತ್ತದೆ. ಕಡಲಿನ ಬಳಿಗೆ ಬಂದರೂ ನದಿ ಕೂಡಲೇ ಅದನ್ನು ಸೇರದೆ ದಕ್ಷಿಣಕ್ಕೆ ಹರಿದು ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಆಚೆ ದಡದ ಉದ್ದನೆಯ ನೆಲದ ಪಟ್ಟಿಯೇ ತಣ್ಣೀರುಬಾವಿ ಮತ್ತು ಬೆಂಗ್ರೆ. ಬತ್ತೇರಿಯ ಕೆಳಗಿನಿಂದ ದೋಣಿಯಲ್ಲಿ ನದಿ ದಾಟಿದರೆ ಕಡಲತೀರ ನಡಿಗೆಯ ದೂರದಲ್ಲಿದೆ. ಹಿಂದಿರುಗುವ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ದಾಟುವ ಮೊದಲೇ ಕೇಳಿಕೊಳ್ಳಿ.

ಮಕ್ಕಳು ಜೊತೆಗಿದ್ದು ಎರಡನೆಯ ದಿನವೂ ಸಿಕ್ಕಿದರೆ ಮೂಡುಶೆಡ್ಡೆಯ ಪಿಲಿಕುಳಕ್ಕೆ ಹೋಗಬಹುದು. ಮೃಗಾಲಯ, ಗುತ್ತಿನ ಮನೆ (ತುಳುನಾಡಿನ ಹಿಂದಿನ ಪ್ರಮುಖ ಮನೆತನಗಳ ಮಾದರಿಯ ಮನೆ), ಕುಶಲಕರ್ಮಿಗಳ ಗ್ರಾಮ ಹಾಗೂ 2018ರಲ್ಲಿ ಆರಂಭವಾದ ತಾರಾಲಯ ಒಂದೇ ಕಡೆ ಇರುವುದರಿಂದ ಅದಕ್ಕೆ ಪೂರ್ತಿ ಒಂದು ದಿನವೇ ಬೇಕು. ಒಂದು ದಿನದ ಪಟ್ಟಿಯಲ್ಲಿ ಅದನ್ನು ತುರುಕಬೇಡಿ.

ಪ್ರವಾಸಕ್ಕೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಹಿತಕರ. ಕಂಬಳ ಮತ್ತು ಯಕ್ಷಗಾನದ ತಿರುಗಾಟ ನಡೆಯುವುದೂ ಆಗಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಬರುವುದಾದರೆ ಕದ್ರಿಗೂ ಚಾಪೆಲಿಗೂ ಅಡ್ಡಿಯಿಲ್ಲ. ಆದರೆ ಆ ತಿಂಗಳುಗಳಲ್ಲಿ ಸಮುದ್ರಕ್ಕೆ ಇಳಿಯುವ ಮಾತೇ ಬೇಡ, ದೋಣಿಯೂ ಇರುತ್ತದೆಂದು ನಂಬಿಕೊಳ್ಳಬೇಡಿ. ಬಂಡೆಗಳಿರುವ ಸೋಮೇಶ್ವರದ ಕಡಲತೀರದಲ್ಲಂತೂ ಬೇಸಗೆಯಲ್ಲಿಯೂ ನೀರಿಗಿಳಿಯದೆ ದಡದಿಂದಲೇ ನೋಡಿ ಬರುವುದು ಕ್ಷೇಮ.