ನಾಲ್ಕು ತೂತಿನ ಗುಂಡು

ಕೇವುಡಿ ಅನ್ನೋ ಬ್ರ್ಯಾಂಡಿನ ಹಳೇ ತಂಬಾಕು ಪೈಪ್ ಕೈಗೆ ಸಿಕ್ಕರೆ ಸಂಗ್ರಹಕಾರರು ತಂಬಾಕು ತುಂಬುವ ಬಟ್ಟಲು ನೋಡೋಕೆ ಮೊದಲೇ ಬಾಯಿಗಿಡುವ ಕೊಳವೆ ತಿರುಗಿಸಿ ಬಿಚ್ಚುತ್ತಾರೆ. ಒಳತುದಿಯಲ್ಲಿ ಅಲ್ಯೂಮಿನಿಯಂನ ಪುಟ್ಟ ಗುಂಡು ಇದೆಯಾ, ಅದಕ್ಕೆ ಎಷ್ಟು ತೂತು ಅಂತ ಎಣಿಸುತ್ತಾರೆ. ಸಾಮಾನ್ಯವಾಗಿ ನಾಲ್ಕಿದ್ದರೆ ಹಳೆಯದು, ಮೂರಿದ್ದರೆ ಆಮೇಲಿನದು.

ತಮಾಷೆ ಅಂದ್ರೆ, ಸೇದುವವರಲ್ಲಿ ಎಷ್ಟೋ ಜನಕ್ಕೆ ಈ ಗುಂಡೇ ತಲೆನೋವು. ಹೆಸರು ಸ್ಟಿಂಗರ್. ಹೊಗೆಯ ನೀರಿನಂಶ ಅಲ್ಲೇ ನಿಂತು ಕಹಿ ರಸ ನಾಲಿಗೆಗೆ ಬರದಿರಲಿ ಅಂತ ಕಂಪನಿ ಇಟ್ಟದ್ದು. ಆದರೆ ಹೊಗೆ ಸರಾಗವಾಗಿ ಬರಲ್ಲ, ಒಳಗೆ ಕಡ್ಡಿ ಹಾಕಿ ತೊಳೆಯೋಕೂ ಆಗಲ್ಲ. ಕೆಲವರು ಗರಗಸ ಹಿಡಿದು ಕತ್ತರಿಸಿಯೇ ಬಿಟ್ಟರು. ಇವತ್ತು ಅದು ಹೋದ ಪೈಪ್ ಕಂಡರೆ ಸಂಗ್ರಹಕಾರರು ಮುಖ ಸಿಂಡರಿಸುತ್ತಾರೆ.

ಕೇವುಡಿ ಮಾಡುತ್ತಿದ್ದವರು ಕಾಫ್ಮನ್ ಬ್ರದರ್ಸ್ ಅಂಡ್ ಬಾಂಡಿ. ನ್ಯೂಯಾರ್ಕಿನಲ್ಲಿ 1851ರಲ್ಲಿ ಶುರುವಾದ ಕಂಪನಿ. ಕೇವುಡಿ ಹೆಸರು ಬಂದದ್ದು 1919ರಲ್ಲಿ. ಪೈಪ್ ಅಮೆರಿಕದ್ದು, ಮರ ಮಾತ್ರ ಅಲ್ಲಿಯದಲ್ಲ. ಬ್ರಯರ್ ಅನ್ನೋದು ಮೆಡಿಟರೇನಿಯನ್ ಕಡೆಯ ಪೊದೆ. ಅದರ ಬುಡದಲ್ಲಿ, ನೆಲದೊಳಗೆ ಊದಿಕೊಳ್ಳುವ ಗಂಟನ್ನು ಅಗೆದು, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದರೆ ಕೆಂಡಕ್ಕೂ ಸುಲಭಕ್ಕೆ ಸುಡದ ಮರ ಸಿಗುತ್ತದೆ. ಅಲ್ಜೀರಿಯಾ, ಇಟಲಿ, ಕಾರ್ಸಿಕಾದಿಂದ ಹಡಗು ಬರಬೇಕಿತ್ತು.

ಎರಡನೇ ಮಹಾಯುದ್ಧದಲ್ಲಿ ಆ ಹಡಗುಗಳು ನಿಂತವು. ಕ್ಯಾಲಿಫೋರ್ನಿಯಾದ ಮಂಜಾನಿಟಾ ಗಿಡದ ಗಂಟನ್ನು 'ಮಿಷನ್ ಬ್ರಯರ್' ಅಂತ ಕರೆದು ಪೈಪ್ ಕೆತ್ತಿದರು, ನಾರ್ತ್ ಕೆರೊಲಿನಾ ಕಡೆ ಮೌಂಟನ್ ಲಾರೆಲ್ ಅನ್ನೋ ಪೊದೆಯ ಗಂಟು ಅಗೆದರು. ಹೆಸರಲ್ಲಷ್ಟೇ ಬ್ರಯರ್! ಯುದ್ಧ ಮುಗಿದು ಅಸಲಿ ಮರ ಬಂದ ಮೇಲೆ ಇವನ್ನು ಕೇಳುವವರು ಕಡಿಮೆಯಾದರು.

1955ರಲ್ಲಿ ಕೇವುಡಿ ಎಸ್. ಎಂ. ಫ್ರಾಂಕ್ ಕಂಪನಿಯ ಪಾಲಾಯಿತು. 1964ರ ಜನವರಿಯಲ್ಲಿ ಧೂಮಪಾನದ ಅಪಾಯದ ಬಗ್ಗೆ ಅಮೆರಿಕ ಸರ್ಕಾರದ ಹಿರಿಯ ವೈದ್ಯಾಧಿಕಾರಿ, ಅಂದರೆ ಸರ್ಜನ್ ಜನರಲ್, ವರದಿ ಬಂತು. ಸಿಗರೇಟಿಗೆ ಹೆದರಿದ ಎಷ್ಟೋ ಜನ ಪೈಪ್ ಹಿಡಿದರು, ಸ್ವಲ್ಪ ದಿನ ವ್ಯಾಪಾರವೂ ಏರಿತು. ಅದೇ ವರದಿ ಪೈಪಿಗೂ ತುಟಿಯ ಕ್ಯಾನ್ಸರಿಗೂ ನಂಟಿದೆ ಅಂದಿತ್ತು. ಅದನ್ನು ಯಾರು ಓದುತ್ತಾರೆ, ಅಲ್ವಾ?

ಈಗ ಅಟ್ಟದ ಡಬ್ಬಿಗಳಿಂದ ಹೊರಬರುವ ಈ ಪೈಪ್‌ಗಳ ರಬ್ಬರ್ ಕೊಳವೆ ಹಸಿರು-ಕಂದಾಗಿರುತ್ತದೆ, ಬಟ್ಟಲಲ್ಲಿ ದಪ್ಪ ಕಿಟ್ಟ. ಕಿಟ್ಟ ಕೆರೆದು, ಬಟ್ಟಲಿಗೆ ಉಪ್ಪು ತುಂಬಿ, ಮೇಲೆ ಸ್ಪಿರಿಟ್ ಹನಿಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಗ್ಗೆ ನೋಡಿದರೆ ಬಿಳಿ ಉಪ್ಪು ಬೆಲ್ಲದ ಪುಡಿಯ ಬಣ್ಣಕ್ಕೆ ತಿರುಗಿರುತ್ತದೆ.